ಹಳದಿ ಅಂಗಿಯ ಬೀಗರು

ಐವತ್ತಾರು ದಾಟಿದ ಗಂಡಸು ಬೆನ್ನ ಮೇಲೆ ಎಷ್ಟು ಭಾರ ಹೊರಬಹುದು ಎಂಬ ವಿಷಯದಲ್ಲಿ ವೈದ್ಯರದು ಒಂದು ಅಭಿಪ್ರಾಯ, ಹೆಂಡತಿಯರದು ಇನ್ನೊಂದು. ಲಾವೊ ದೇಶದ ರಾಜಧಾನಿ ವಿಯೆಂಟಿಯಾನಿನ ತೂಕ-ಅಳತೆ ಕಚೇರಿಯ ಹಿರಿಯ ಗುಮಾಸ್ತ ಇನ್‌ಪೇಂಗ್ ಇಬ್ಬರನ್ನೂ ಕೇಳಲಿಲ್ಲ. ಒಂದು ಶುಕ್ರವಾರ ಕಚೇರಿಯಿಂದ ಅರ್ಧ ಗಂಟೆ ಮೊದಲೇ ಎದ್ದು, ಬೆಳಗಿನ ಮಾರುಕಟ್ಟೆ ಎಂದು ಹೆಸರಿದ್ದರೂ ಸಂಜೆಯವರೆಗೆ ತೆರೆದಿರುವ ಮಾರುಕಟ್ಟೆಗೆ ಹೋಗಿ, ಸೊಂಟದಿಂದ ಶುರುವಾಗಿ ತಲೆಗಿಂತ ಒಂದು ಗೇಣು ಮೇಲೆ ಮುಗಿಯುವ ಒಂದು ಚೀಲವನ್ನು ಕೊಂಡು ಮನೆಗೆ ಬಂದ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಲತ್ಸಮಿ ಕನ್ನಡಕದ ಮೇಲಿನಿಂದ ನೋಡಿದಳು.

"ಯಾರದ್ದು ಅದು? ಯಾರಾದ್ರೂ ಮನೆ ಖಾಲಿ ಮಾಡ್ತಾ ಇದಾರಾ?"

"ನಮ್ಮದೇ. ನಾಳೆ ವಾಂಗ್ ವಿಯೆಂಗ್‌ಗೆ ಹೋಗ್ತಾ ಇದೀವಿ. ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲ. ಮೊದಲೇ ರೂಮು ಹಿಡಿಯೋದಿಲ್ಲ, ಯಾರಿಗೂ ಹೇಳೋದಿಲ್ಲ. ಒಂದು ಚೀಲ, ನೀನು, ನಾನು. ಹೊರದೇಶದವರು ಬರ್ತಾರಲ್ಲ, ಹಾಗೆ."

"ಇದರೊಳಗೆ ನಿನ್ನನ್ನೇ ಹಾಕಿ ಹೊತ್ಕೊಂಡು ಹೋಗಬಹುದು ಮುದುಕಪ್ಪಾ."

"ನಗಬೇಡ. ಇಷ್ಟು ವರ್ಷದಿಂದ ನೋಡ್ತಾ ಇದೀನಿ. ಎಲ್ಲೆಲ್ಲಿಂದಲೋ ಬರ್ತಾರೆ, ಹೆಂಡತಿ ಕೈ ಹಿಡ್ಕೊಂಡು ನಮ್ಮ ನದಿ ನೋಡ್ತಾರೆ, ನಮ್ಮ ಬೆಟ್ಟ ಹತ್ತುತಾರೆ. ಇಲ್ಲೇ ಹುಟ್ಟಿದ ನಾವು ಏನು ನೋಡಿದೀವಿ? ನಿನ್ನ ಅಕ್ಕನ ಮನೆ."

ಅಕ್ಕನ ಮನೆಯನ್ನು ಲತ್ಸಮಿಯೂ ನೋಡಿದ್ದಳು. ಹೊಲಿಗೆ ಯಂತ್ರ ನಿಲ್ಲಿಸಿದಳು. ಅವನು ಚೀಲದಿಂದ ಎರಡು ಅಂಗಿಗಳನ್ನು ತೆಗೆದ. ಎರಡೂ ಒಂದೇ ತರಹ, ಅರಿಶಿನದಷ್ಟು ಹಳದಿ, ಎದೆಯ ಮೇಲೆ ದಪ್ಪ ಕೊರಿಯನ್ ಅಕ್ಷರ. ಕೊರಿಯಾದ ಗಂಡ ಹೆಂಡತಿ ಹೀಗೆ ಜೋಡಿ ಅಂಗಿ ತೊಡುತ್ತಾರಂತೆ. ಏನು ಬರೆದಿದೆ ಎಂದು ಲತ್ಸಮಿ ಕೇಳಿದಳು. "ಪ್ರೀತಿ ಅಂತ. ಅಂಗಡಿಯವಳು ಹೇಳಿದ್ಲು," ಎಂದ. ಅಂಗಡಿಯವಳಿಗೂ ಕೊರಿಯನ್ ಬಾರದು ಎಂಬುದನ್ನು ಅವನು ವಿಚಾರಿಸಿರಲಿಲ್ಲ. ಹಗಲೆಲ್ಲ ಊರಿನವರ ತಕ್ಕಡಿಗಳನ್ನು ಅನುಮಾನಿಸುವ ಮನುಷ್ಯ ಸಂಜೆ ಯಾರನ್ನೂ ಅನುಮಾನಿಸುತ್ತಿರಲಿಲ್ಲ.

ಮರುದಿನ ಬೆಳಗಿನ ರೈಲಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಅವರ ಡಬ್ಬಿಯ ಜನ ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಳ್ಳತೊಡಗಿದರು. ಲತ್ಸಮಿ ಗಂಡನಿಗೆ ಕಾಣದಂತೆ ಚೀಲದ ತಳದಲ್ಲಿ ಒಂದು ಬುಟ್ಟಿ ಜಿಗುಟನ್ನ, ಒಂದು ಬಾಟಲಿ ಪಾದೇಕ್ ಇಟ್ಟಿದ್ದಳು. ಮನೆಯಲ್ಲಿ ಹುದುಗಿಸಿದ ಮೀನಿನ ಆ ರಸ ಇಲ್ಲದೆ ಅವಳಿಗೆ ಪಪ್ಪಾಯಿ ಕೋಸಂಬರಿ ಗಂಟಲಲ್ಲಿ ಇಳಿಯದು. ಬಾಟಲಿಯ ಬಿರಡೆ ಸ್ವಲ್ಪ ಸಡಿಲವಾಗಿತ್ತು.

* * *

ವಾಂಗ್ ವಿಯೆಂಗ್‌ನಲ್ಲಿ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಬುವಾವನ್ ಎಂಬಾಕೆಯ ಗೆಸ್ಟ್‌ಹೌಸ್ ಇದೆ. ಅಂದು ಅದರ ಮುಂದೆ ಶಾಮಿಯಾನ ಹಾಕಿದ್ದರು. ಗೇಟಿನ ಮೇಲೆ ಮದುವೆಯ ಹೆಣ್ಣು ಗಂಡಿನ ಆಳೆತ್ತರದ ಚಿತ್ರ. ಅಂಗಳದ ತುಂಬ ಹೆಂಗಸರು ಸೊಪ್ಪು ಹೆಚ್ಚುತ್ತಿದ್ದರು. ಮದುವೆ ಮನೆಯಲ್ಲಿ ರೂಮು ಸಿಗುವುದಿಲ್ಲವೆಂದು ಬುದ್ಧಿ ಇರುವ ಯಾರಾದರೂ ಮುಂದೆ ಹೋಗುತ್ತಿದ್ದರು. ಇನ್‌ಪೇಂಗನಿಗೆ ಚೀಲದ ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು. ಮೊದಲು ಸಿಕ್ಕ ಗೇಟಿನೊಳಗೆ ನುಗ್ಗಿದ.

ಅವನನ್ನು ನೋಡಿದ್ದೇ ಬುವಾವನ್ ಕೈಯಲ್ಲಿದ್ದ ಸೌಟನ್ನು ಪಕ್ಕದವಳ ಕೈಗೆ ತುರುಕಿದಳು.

"ಅಣ್ಣಾ! ಬಂದೇಬಿಟ್ರು! ಅಂಗಿ ನೋಡು, ಅಕ್ಷರ ನೋಡು, ಅವರೇ!"

ಅವಳ ಅಣ್ಣ ಸಿಥೋನ್, ಆ ಊರಿನ ಮುಖ್ಯಸ್ಥ, ಕುರ್ಚಿಗಳನ್ನು ಎಣಿಸುತ್ತಿದ್ದವನು ಎಣಿಕೆ ಬಿಟ್ಟು ಓಡಿ ಬಂದ. ಬುವಾವನ್ ಸೊಂಟ ಮುರಿಯುವಷ್ಟು ಬಾಗಿ, ತನಗೆ ಬರುವ ಕೊರಿಯನ್ ಭಾಷೆಯನ್ನೆಲ್ಲ ಒಟ್ಟುಗೂಡಿಸಿ, "ಅನ್ಯಂಗ್‌ಹಾಸೇಯೊ!" ಎಂದು ನಮಸ್ಕಾರ ಹೇಳಿದಳು.

ಇಲ್ಲಿ ಇನ್‌ಪೇಂಗ್ ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಮುಗಿಯುತ್ತಿತ್ತು. ಆದರೆ ಐವತ್ತಾರು ವರ್ಷಗಳಲ್ಲಿ ಯಾರೂ ಅವನನ್ನು ಹೊರದೇಶದವನೆಂದು ತಿಳಿದಿರಲಿಲ್ಲ. ಆ ಗೌರವ ನೆತ್ತಿಗೆ ಏರಿತು. ಹೆಂಡತಿ ನೋಡುವ ಧಾರಾವಾಹಿಗಳಿಂದ ಅವನ ಕಿವಿಗೂ ಐದಾರು ಕೊರಿಯನ್ ಪದ ಬಿದ್ದಿದ್ದವು. ಕಾಲು ಜೋಡಿಸಿ, ಬುವಾವನ್‌ಗಿಂತ ಹೆಚ್ಚು ಬಾಗಿ, "ಅನ್ಯಂಗ್‌ಹಾಸೇಯೊ!" ಎಂದ. ಚೀಲ ಅವನನ್ನು ಹಾಗೇ ಮುಂದಕ್ಕೆ ಎಳೆದುಕೊಂಡು ಹೋಯಿತು. ಅವನು ಮೊಣಕಾಲೂರಿ ಬಿದ್ದ.

"ಅಯ್ಯೋ, ಕಾಲಿಗೇ ಬಿದ್ರಲ್ಲಣ್ಣಾ! ಎಂಥಾ ದೊಡ್ಡ ಮನಸ್ಸು!" ಎಂದು ಬುವಾವನ್ ತಾನೂ ನೆಲಕ್ಕೆ ಬಿದ್ದಳು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಕುತ್ತಿಗೆಗೆ ಹೂವು ಬಿತ್ತು, ಕೈಗೆ ಎಳನೀರು ಬಂತು. ನದಿಯ ಕಡೆಯ ಮಹಡಿ ಕೋಣೆಗೆ ಕರೆದೊಯ್ದರು. ಹಾಸಿಗೆಯ ಮೇಲೆ ಹೂವಿನ ಎಸಳಿನಲ್ಲಿ ಹೃದಯದ ಆಕಾರ. ಸಿಥೋನ್ ಚೀಲವನ್ನು ಹೊತ್ತು ಮೆಟ್ಟಿಲು ಹತ್ತುತ್ತಾ ತಂಗಿಯ ಜೊತೆ ಧಾರಾಳವಾಗಿ ಮಾತಾಡಿದ. ಅತಿಥಿಗಳಿಗೆ ಲಾವೊ ಭಾಷೆ ಬರುವುದಿಲ್ಲ ಎಂಬ ಧೈರ್ಯ.

"ಗಂಡಸಿನ ಮುಖ ಬಲಿಯದ ಪಪ್ಪಾಯಿ ಇದ್ದಂಗಿದೆ. ಮಗ ಪರವಾಗಿಲ್ಲ, ಚೆನ್ನಾಗಿದಾನೆ."

"ತಾಯಿ ಕಡೆ ಹೋಗಿದಾನೆ ಅನ್ನೋಣ ಅಂದ್ರೆ, ತಾಯಿ ಅಗಲ ನೋಡಣ್ಣಾ. ಬಾಗಿಲಿಗೆ ಅಡ್ಡ ನಿಂತ್ರೆ ಗಾಳಿ ಬರಲ್ಲ. ಕಣ್ಣು ನೋಡು, ಏನು ಜೋರು! ನನ್ನ ಮಗಳ ಗತಿ ಏನೋ."

ಇಬ್ಬರೂ ತಿರುಗಿ ಲತ್ಸಮಿಯ ಕಡೆ ನೋಡಿ ಪ್ರೀತಿಯಿಂದ ನಕ್ಕರು. ಲತ್ಸಮಿಯೂ ನಕ್ಕಳು. ಮೂವತ್ತು ವರ್ಷ ಸಂಸಾರ ಮಾಡಿದ ಇನ್‌ಪೇಂಗನಿಗೆ ಆ ನಗುವಿನ ಪರಿಚಯವಿತ್ತು. ಅವನು ಒಂದು ಹೆಜ್ಜೆ ದೂರ ಸರಿದ.

ಅಷ್ಟರಲ್ಲಿ ಸಿಥೋನ್ ಚೀಲವನ್ನು ನೆಲಕ್ಕಿಟ್ಟು ಮೂಗರಳಿಸಿದ. ತಳವನ್ನು ಮುಟ್ಟಿ ನೋಡಿಕೊಂಡ. ಬೆರಳನ್ನು ಮೂಸಿದ. ಅವನ ಕಣ್ಣಲ್ಲಿ ನೀರು ಬಂತು.

"ತಂಗೀ, ಪಾದೇಕ್! ನಮ್ಮ ಮನೆಗೆ ಅಂತ ಕೊರಿಯಾದಿಂದ ಪಾದೇಕ್ ತಂದಿದಾರೆ!"

"ಕೊರಿಯಾದಲ್ಲಿ ಮಾಡ್ತಾರಾ?"

"ಮಾಡಿದಾರಲ್ಲ, ವಾಸನೆ ಬರ್ತಾ ಇಲ್ವಾ? ನಿನ್ನ ಮಗಳು ಪುಣ್ಯ ಮಾಡಿದಾಳೆ. ಇಂಥಾ ಬೀಗರು ಎಲ್ಲಿ ಸಿಕ್ತಾರೆ!"

ಬಾಗಿಲು ಮುಚ್ಚಿತು. ಗಂಡ ಹೆಂಡತಿ ಹೃದಯದ ಎರಡು ಕಡೆ ಕೂತರು.

"ಬೀಗರು ಅಂದ್ರಲ್ಲ?" ಎಂದ ಇನ್‌ಪೇಂಗ್.

"ಅಂದ್ರು. ಅದಕ್ಕೂ ಮುಂಚೆ ನನ್ನ ಅಗಲ ಅಳೆದ್ರು."

ಕಿಟಕಿಯ ಕೆಳಗೆ ಬುವಾವನ್ ಫೋನಿನಲ್ಲಿ ಕೂಗುತ್ತಿದ್ದಳು. "ದುವಾಂಗ್ತಾ, ಮಗಳೇ, ನೀವಿಬ್ರೂ ಇನ್ನೂ ವಿಮಾನ ನಿಲ್ದಾಣದಲ್ಲೇ ಕಾಯ್ತಾ ಇದೀರಾ? ನಿನ್ನ ಅತ್ತೆ ಮಾವ ಇಲ್ಲಿಗೇ ಬಂದಿದಾರೆ! ಹ್ಞೂಂ, ಅವರೇ ಬಂದ್ರು... ಹೋಜುನ್ ಏನಂತಾನೆ?... ಅಪ್ಪ ಹಾಗೇನೇ, ಹೇಳದೆ ಕೇಳದೆ ಮೊದಲೇ ಹೊರಟುಬಿಡ್ತಾರೆ ಅಂತಾನಾ? ನೋಡು ಮತ್ತೆ! ಬೇಗ ಬನ್ನಿ. ನನ್ನ ಎದೆ ಡವಡವ ಅಂತಿದೆ. ಎರಡು ತಿಂಗಳಿಂದ ಅವರು ಬೇಡ ಅಂದ್ಬಿಟ್ರೆ ಏನು ಗತಿ ಅಂತ ನಿದ್ದೆ ಇಲ್ಲ ನನಗೆ..."

ಫೋನು ಮುಗಿಯುವಷ್ಟರಲ್ಲಿ ಮೇಲಿದ್ದವರಿಗೆ ಎಲ್ಲವೂ ತಿಳಿಯಿತು. ನಾಳೆ ಮದುವೆ. ಹುಡುಗ ಹೋಜುನ್, ಸೇತುವೆ ಹತ್ತಿರ ಕಾಫಿ ಅಂಗಡಿ ಇಟ್ಟಿರುವ ಕೊರಿಯಾದವನು. ಅವನ ತಂದೆ ತಾಯಿಯನ್ನು ಈ ಮನೆಯವರು ಇನ್ನೂ ನೋಡಿಲ್ಲ.

"ಕೆಳಗೆ ಹೋಗಿ ಹೇಳ್ಬಿಡು," ಎಂದಳು ಲತ್ಸಮಿ. "ಈಗಲೇ. ಅವರ ಎಳನೀರು ಕುಡಿದ ಬಾಯಲ್ಲೇ ಹೇಳು."

ಇನ್‌ಪೇಂಗ್ ಪ್ರಾಮಾಣಿಕ ಮನುಷ್ಯ. ತಕ್ಷಣ ಎದ್ದ. ಬಾಗಿಲು ತೆರೆದ. ಎದುರಿಗೆ ಸಿಥೋನ್ ಎರಡು ತೋಳಿಗೆ ಎರಡು ಲಾರಿ ಟ್ಯೂಬು ಸಿಕ್ಕಿಸಿಕೊಂಡು, ಈಜುವವನಂತೆ ಗಾಳಿಯಲ್ಲಿ ಕೈ ಬೀಸಿ ತೋರಿಸುತ್ತಾ ನಿಂತಿದ್ದ.

* * *

ನಾಮ್ ಸಾಂಗ್ ನದಿಗೆ ಬರುವ ಹೊರದೇಶದವರೆಲ್ಲ ಟ್ಯೂಬಿನಲ್ಲಿ ತೇಲುತ್ತಾರೆ. ತೇಲದ ಹೊರದೇಶದವನನ್ನು ಸಿಥೋನ್ ನೋಡಿರಲಿಲ್ಲ. ಬೀಗರು ಬಂದು ತೇಲದೆ ಹೋದರೆ ಊರಿಗೆ ಅವಮಾನ. ಇನ್‌ಪೇಂಗ್ ಬಾಯಿ ತೆರೆದಾಗಲೆಲ್ಲ ಅವನು "ಓಕೆ, ಓಕೆ" ಎಂದು ಬೆನ್ನು ತಟ್ಟಿ ಮುಂದೆ ತಳ್ಳಿದ. ತುಕ್‌ತುಕ್ ಆಟೊ ಹತ್ತಿಸಿ, ಮೇಲ್ದಂಡೆಗೆ ಒಯ್ದು, ಇಬ್ಬರನ್ನೂ ಟ್ಯೂಬಿಗೆ ತುರುಕಿ, ತಾನೂ ಒಂದರಲ್ಲಿ ಕೂತು ನೀರಿಗೆ ಬಿಟ್ಟೇಬಿಟ್ಟ.

ದಡದ ಎರಡೂ ಕಡೆ ಬಿದಿರಿನ ಅಟ್ಟಗಳು. ಮಧ್ಯಾಹ್ನ ಇನ್ನೂ ಆಗಿಲ್ಲ, ಹಾಡು ಎದೆಗೂಡು ಅದುರುವಷ್ಟು ಜೋರು. ಅರೆಬಟ್ಟೆಯ ಹುಡುಗ ಹುಡುಗಿಯರು ಬಾಟಲಿ ಎತ್ತಿ ಕೂಗಿದರು. ಲತ್ಸಮಿ ಟ್ಯೂಬಿನಲ್ಲಿ ಸಿಂಹಾಸನದಲ್ಲಿ ಕೂತಂತೆ ಕೂತು, ಕೈ ಬೀಸಿದವರಿಗೆಲ್ಲ ಗಂಭೀರವಾಗಿ ಕೈಮುಗಿಯುತ್ತಾ ಸಾಗಿದಳು. ಅವಳ ಅಗಲ ಇಲ್ಲಿ ಉಪಯೋಗಕ್ಕೆ ಬಂತು, ಟ್ಯೂಬು ಅಲುಗಲೇ ಇಲ್ಲ. ಇನ್‌ಪೇಂಗನ ಟ್ಯೂಬು ಮಾತ್ರ ಮೊದಲಿನಿಂದಲೂ ತನ್ನದೇ ಇಷ್ಟದಂತೆ ಸುತ್ತುತ್ತಿತ್ತು. ಒಂದು ತಿರುವಿನಲ್ಲಿ ಕಲ್ಲಿಗೆ ಬಡಿದು ಬೋರಲಾಯಿತು.

ಸಾವು ಎದುರಿಗೆ ಬಂದಾಗ ಮನುಷ್ಯ ತಾಯ್ನುಡಿಯಲ್ಲೇ ಕೂಗುತ್ತಾನೆ.

"ಅಯ್ಯಯ್ಯೋ ಸತ್ತೆ! ಅಮ್ಮಾ! ಲತ್ಸಮೀ, ಹಿಡ್ಕೊಳ್ಳೇ! ಮುಳುಗಿದೆ! ನನಗೆ ಈಜು ಬರಲ್ಲ! ಬುದ್ಧದೇವಾ, ಕಾಪಾಡು! ಇನ್ನು ಟ್ಯೂಬಿನ ಸಹವಾಸ ಮಾಡಲ್ಲ!"

"ಎದ್ದು ನಿಂತ್ಕೋ!" ಎಂದಳು ಲತ್ಸಮಿ, ತೇಲುತ್ತಲೇ.

ಅವನು ಎದ್ದು ನಿಂತ. ನೀರು ಮೊಣಕಾಲಿನವರೆಗೆ ಇತ್ತು. ಅಟ್ಟದ ಮೇಲಿನ ಜನವೆಲ್ಲ ಚಪ್ಪಾಳೆ ತಟ್ಟಿತು.

ಸಿಥೋನ್ ಮಾತ್ರ ತಟ್ಟಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಿದ್ದ. "ಬೀಗರೇ... ನಿಮಗೆ ಲಾವೊ ಬರುತ್ತಾ?"

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಇನ್‌ಪೇಂಗ್ ಮೂಗಿಗೆ ಹೋಗಿದ್ದ ನೀರನ್ನು ಸೀನಿ ಹೊರಹಾಕಿ, ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ: "ನಾನು ಕೊರಿಯಾದವನಲ್ಲ. ನನ್ನ ಹೆಸರು ಇನ್‌ಪೇಂಗ್. ನಾನು ವಿಯೆಂಟಿಯಾನಿನವನು. ನಾನು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇವಳು ನನ್ನ ಹೆಂಡತಿ."

ಸಿಥೋನ್ ಎರಡೂ ಕೈಯಿಂದ ಎದೆ ಒತ್ತಿಕೊಂಡ.

"ಲಾವೊ ಕಲಿಯೋ ಪುಸ್ತಕದ ಮೊದಲನೇ ಪಾಠ! ನಮ್ಮ ಹೋಜುನ್ ಕಲಿತಾಗ್ಲೂ ಇದನ್ನೇ ಹೇಳ್ತಿದ್ದ, 'ನಾನು ವಿಯೆಂಟಿಯಾನಿನವನು, ನಾನು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ' ಅಂತ! ಹೆಸರು ಕೂಡ ನಮ್ಮದೇ ಇಟ್ಕೊಂಡಿದಾರಲ್ಲಪ್ಪಾ! ಉಚ್ಚಾರ ಒಂಚೂರು ಗಡುಸು, ಅದು ಬಿಡಿ, ನಾವು ತಿದ್ದುತೀವಿ!"

"ಅಲ್ಲಾರೀ ಮುಖ್ಯಸ್ಥರೇ, ಕೇಳಿಲ್ಲಿ," ಎಂದು ಲತ್ಸಮಿ ಟ್ಯೂಬನ್ನು ಅವನ ಕಡೆಗೆ ತಿರುಗಿಸಿದಳು. "ನಾವು ನಿಮ್ಮ ಬೀಗರಲ್ಲ. ಅರ್ಥ ಆಯ್ತಾ? ಬೀಗರಲ್ಲ!"

ಸಿಥೋನ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದ ಫೋನನ್ನು ತೆಗೆದು ತಂಗಿಗೆ ಮಾಡಿದ.

"ಬುವಾವನ್, ಕೇಳು. ಇಬ್ಬರೂ ಲಾವೊ ಕಲಿತು ಬಂದಿದಾರೆ. ಹ್ಞೂಂ, ನಮಗೋಸ್ಕರ! ಬೀಗಿತ್ತಿ ಏನಂದ್ರು ಗೊತ್ತಾ? 'ನಾವು ಬೀಗರಲ್ಲ' ಅಂದ್ರು. ಅಂದ್ರೆ ಬೀಗರು ಅನ್ನೋ ದೂರ ಬೇಡ, ಇನ್ಮೇಲೆ ಎಲ್ಲಾ ಒಂದೇ ಮನೆ ಅಂತ!"

ಫೋನಿನ ಆ ಕಡೆಯಿಂದ ಅಳು ಕೇಳಿಸಿತು. ನದಿಯ ಹಾಡುಗಳ ನಡುವೆಯೂ ಅದು ಚೆನ್ನಾಗಿ ಕೇಳಿಸಿತು. ಗಂಡ ಹೆಂಡತಿ ಇನ್ನೂ ಅರ್ಧ ಗಂಟೆ ತೇಲಿದರು. ದಡ ಹತ್ತಿರವಾದಾಗ ಲತ್ಸಮಿ, "ರೂಮಲ್ಲಿ ನಿನ್ನ ಗುರುತಿನ ಚೀಟಿ ಇದೆಯಲ್ಲ, ಹೋದ ತಕ್ಷಣ ಅದನ್ನೇ ಕೈಗೆ ಕೊಡು. ಮಾತು ಬೇಡ," ಎಂದಳು.

* * *

ಚೀಟಿ ಕೊಡಲು ಆಗಲಿಲ್ಲ. ಗೇಟಿನಲ್ಲೇ ಬುವಾವನ್ ಲತ್ಸಮಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ಊದಿದ್ದವು.

"ಅಕ್ಕಾ, ನಿಮಗೆ ನಮ್ಮ ಮಾತು ತಿಳಿಯುತ್ತೆ ಅಂತ ಗೊತ್ತಾದ ಮೇಲೆ ಹೇಳ್ತೀನಿ. ದುವಾಂಗ್ತಾಳ ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ಒಬ್ಬಳೇ ಬೆಳೆಸಿದೀನಿ. ನೀವು ಬಂದು ಮುಖ ಸಿಂಡರಿಸಿದ್ರೆ ನನ್ನ ಮಗಳು ತಡ್ಕೋತಿರಲಿಲ್ಲ. ನೀವು ಪಾದೇಕ್ ತಂದ್ರಿ. ಇನ್ನೇನು ಬೇಕು ನನಗೆ?"

ಎಂಥ ಗಡಸು ಹೆಂಗಸಿಗಾದರೂ ಇಂಥ ಮಾತಿಗೆ ಗುರುತಿನ ಚೀಟಿ ತೋರಿಸುವುದು ಕಷ್ಟ. ಲತ್ಸಮಿ ಅವಳ ತಲೆ ಸವರಿದಳು. ಗಂಡನ ಕಡೆ ತಿರುಗಿ ಕಣ್ಣಲ್ಲೇ, 'ಇದಕ್ಕೆಲ್ಲ ನೀನೇ ಕಾರಣ' ಎಂದಳು.

ಇನ್‌ಪೇಂಗ್ ಆ ಕಣ್ಣನ್ನು ತಪ್ಪಿಸಲು ಅಡುಗೆ ಚಪ್ಪರದ ಕಡೆ ನೋಡಿದ. ಅಲ್ಲಿ ಅಕ್ಕಿ ಮೂಟೆಗಳ ಪಕ್ಕ ಚಾಪೆಯ ಮೇಲೆ ಹೊಸ ಮುಖದ ಇಬ್ಬರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅರವತ್ತರ ಗಂಡ ಹೆಂಡತಿ. ಬೂದು ಬಣ್ಣದ ಸಾದಾ ಬಟ್ಟೆ, ಪಕ್ಕದಲ್ಲಿ ಎರಡು ಚಿಕ್ಕ ಬೆನ್ನುಚೀಲ. ಗಂಡಸು ಒಂದೊಂದು ಎಸಳನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ ಬಟ್ಟಲಿಗೆ ಹಾಕುತ್ತಿದ್ದ.

"ಅವರು ಯಾರು?" ಎಂದು ಇನ್‌ಪೇಂಗ್ ಕೇಳಿದ.

"ಅವರಾ? ಮಧ್ಯಾಹ್ನದ ರೈಲಿಗೆ ಬಂದ್ರು. ನಮ್ಮ ಭಾಷೆ ಒಂದಕ್ಷರ ಬರಲ್ಲ. 'ಹೋಜುನ್, ಹೋಜುನ್' ಅಂತ ಎದೆ ಮುಟ್ಕೋತಾರೆ. ಅವನ ಪರಿಚಯದವರು ಇರಬೇಕು, ಮದುವೆಗೆ ಬಂದಿದಾರೆ. ರೂಮು ಎಲ್ಲಿದೆ? ಅಕ್ಕಿ ಕೋಣೇಲಿ ಹಾಸಿಗೆ ಹಾಕಿ ಕೊಟ್ಟೆ, ಹೊಟ್ಟೆ ತುಂಬ ಊಟ ಹಾಕಿದೆ. ಸುಮ್ಮನೆ ಕೂರಲ್ಲ, ಪಾಪ, ಕೆಲಸ ಹುಡುಕ್ಕೊಂಡು ಮಾಡ್ತಾರೆ."

ಇನ್‌ಪೇಂಗ್ ಬೆಳ್ಳುಳ್ಳಿ ಸುಲಿಯುವವನ ಕಿವಿ ನೋಡಿದ. ಗೇಟಿನ ಮೇಲಿನ ಮದುಮಗನ ಕಿವಿ ನೋಡಿದ. ಮೂವತ್ತು ವರ್ಷ ಅಳತೆಗೋಲುಗಳನ್ನು ಹೋಲಿಸಿ ನೋಡಿದ ಕಣ್ಣು ಅದು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಲತ್ಸಮೀ," ಎಂದ ಸಣ್ಣಗೆ. "ಕಿವಿ ನೋಡು."

ಲತ್ಸಮಿ ನೋಡಿದಳು. ಮುಂದೆ ಅವಳು ಮಾಡಿದ್ದು ಇಷ್ಟೇ: ಕುತ್ತಿಗೆಯ ಹೂವು ತೆಗೆದಳು, ತನಗಾಗಿ ಹಾಕಿದ್ದ ದಿಂಬಿನ ಆಸನದ ಕಡೆ ತಿರುಗಿಯೂ ನೋಡದೆ ಚಪ್ಪರಕ್ಕೆ ನಡೆದಳು, ಆ ಹೆಂಗಸಿನ ಪಕ್ಕ ಚಾಪೆಯ ಮೇಲೆ ಕೂತು ಒಂದು ಗಡ್ಡೆ ಬೆಳ್ಳುಳ್ಳಿ ಕೈಗೆ ತೆಗೆದುಕೊಂಡಳು. ಆ ಹೆಂಗಸು ಇವಳನ್ನು ಮನೆಯ ಹಿರಿಯಳೆಂದು ತಿಳಿದು ಬಾಗಿ ನಮಸ್ಕರಿಸಿದಳು. ಲತ್ಸಮಿ ಅವಳ ಕೈಯಿಂದ ಚಾಕು ಇಸಿದುಕೊಂಡು, ನೀರಲ್ಲಿ ನೆನೆಸಿ ಸುಲಿದರೆ ಸಿಪ್ಪೆ ಬೇಗ ಬಿಡುತ್ತದೆಂದು ತೋರಿಸಿಕೊಟ್ಟಳು. ಆ ಹೆಂಗಸು, ಇಲ್ಲ, ಚಾಕುವಿನ ಹಿಂಭಾಗದಿಂದ ಒಮ್ಮೆ ಜಜ್ಜಿದರೆ ಇನ್ನೂ ಬೇಗ ಎಂದು ತೋರಿಸಿದಳು. ಇಬ್ಬರಿಗೂ ಅವರವರ ವಿಧಾನವೇ ಸರಿ ಎನ್ನಿಸಿತು. ಮಾತಿಲ್ಲದೆ ವಾದ ಚೆನ್ನಾಗಿ ನಡೆಯಿತು.

"ಅಯ್ಯಯ್ಯೋ! ಬೀಗಿತ್ತಿ ಕೈಲಿ ಬೆಳ್ಳುಳ್ಳಿ!" ಎಂದು ಬುವಾವನ್ ಕೂಗಿಕೊಂಡಳು. ಹೆಚ್ಚುತ್ತಿದ್ದ ಹೆಂಗಸರೆಲ್ಲ ಎದ್ದು ಬಂದು, ತಡೆಯಲಾರದೆ, ತಾವೂ ಸುಲಿಯಲು ಕೂತರು.

ಇನ್‌ಪೇಂಗ್ ಗಂಡಸಿನ ಪಕ್ಕ ಕೂತ. ಇಬ್ಬರ ನಡುವೆ ಯಾರೋ ಅಕ್ಕಿ ಸಾರಾಯಿ ಇಟ್ಟು ಹೋದರು. ಇನ್‌ಪೇಂಗ್ ಹಾಕಿಕೊಟ್ಟ. ಅವನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಗೆಂದು ಮುಖ ಪಕ್ಕಕ್ಕೆ ತಿರುಗಿಸಿ ಕುಡಿದು, ಇವನಿಗೂ ಹಾಕಿಕೊಟ್ಟ. ಎರಡನೇ ಲೋಟಕ್ಕೆ ಇನ್‌ಪೇಂಗ್ ಅವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿಬಿಟ್ಟ. ಚೀಲ ಕೊಂಡದ್ದು, ಅಂಗಿ, ಹೂವಿನ ಹೃದಯ, ಮೊಣಕಾಲುದ್ದ ನೀರು. "ತಪ್ಪಾಯ್ತಣ್ಣಾ. ನಿಮ್ಮ ಜಾಗದಲ್ಲಿ ನಾನು ಕೂತ್ಬಿಟ್ಟೆ," ಎಂದ. ಅಂದು ಇನ್‌ಪೇಂಗನ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿದವನು ಅವನೊಬ್ಬನೇ. ಒಂದು ಪದವೂ ಅರ್ಥವಾಗದೆ ಅವನು ಗಂಭೀರವಾಗಿ ತಲೆಯಾಡಿಸಿ, ಇವನ ಭುಜ ಒತ್ತಿ, ಇನ್ನೊಂದು ಲೋಟ ಹಾಕಿಕೊಟ್ಟ.

ಸೂರ್ಯ ಬೆಟ್ಟದ ಹಿಂದೆ ಸರಿಯುವ ಹೊತ್ತಿಗೆ ವಿಯೆಂಟಿಯಾನಿನಿಂದ ಮದುವೆ ಸಾಮಾನನ್ನೂ ತುಂಬಿಕೊಂಡು ಬಂದ ವ್ಯಾನು ಗೇಟಿನ ಮುಂದೆ ನಿಂತಿತು. ಮದುಮಗಳು ದುವಾಂಗ್ತಾ ಇಳಿದಳು. ಹಿಂದೆಯೇ ಹೋಜುನ್ ಇಳಿದ. ಬುವಾವನ್ ಇನ್‌ಪೇಂಗನ ತೋಳು ಹಿಡಿದು ಎಬ್ಬಿಸಿ, "ಇಲ್ಲಿದಾರೆ ನೋಡಪ್ಪಾ ನಿಮ್ಮಪ್ಪ!" ಎಂದಳು.

ಹೋಜುನ್ ಇನ್‌ಪೇಂಗನ ಪಕ್ಕದಿಂದ ಗಾಳಿಯಂತೆ ಹಾದು ಚಪ್ಪರದೊಳಗೆ ಓಡಿದ. "ಓಮ್ಮಾ!" ಎಂದು ಬೆಳ್ಳುಳ್ಳಿ ಬಟ್ಟಲಿನ ಮುಂದೆ ಕೂತಿದ್ದ ಹೆಂಗಸನ್ನು ತಬ್ಬಿಕೊಂಡ.

ಅಂಗಳದಲ್ಲಿ ಹೆಚ್ಚುವ ಸದ್ದು ನಿಂತಿತು. ನದಿಯ ಕಡೆಯ ಹಾಡು ಮಾತ್ರ ಢಬಢಬ ಎನ್ನುತ್ತಿತ್ತು.

"ಹಾಗಾದ್ರೆ... ಇವರು?" ಎಂದಳು ಬುವಾವನ್. ಅವಳು ಇನ್ನೂ ಇನ್‌ಪೇಂಗನ ತೋಳನ್ನು ಬಿಟ್ಟಿರಲಿಲ್ಲ.

"ಇವರನ್ನ ನಾನು ನೋಡೇ ಇಲ್ಲಮ್ಮಾ," ಎಂದಳು ದುವಾಂಗ್ತಾ.

ಇನ್‌ಪೇಂಗ್ ಜೇಬಿನಿಂದ, ಕೊನೆಗೂ ಕೋಣೆಗೆ ಹೋಗಿ ತಂದಿಟ್ಟುಕೊಂಡಿದ್ದ ಗುರುತಿನ ಚೀಟಿಯನ್ನು ತೆಗೆದು ಸಿಥೋನನ ಕೈಗೆ ಕೊಟ್ಟ. ಸಿಥೋನ್ ಅದನ್ನು ದೂರ ಹಿಡಿದು ಓದಿದ. ಹತ್ತಿರ ಹಿಡಿದು ಓದಿದ.

"ಇನ್‌ಪೇಂಗ್. ವಿಯೆಂಟಿಯಾನ್. ಕಚೇರಿ ನೌಕರ..." ಅವನ ದನಿ ಇಳಿಯಿತು. "ಮೊದಲನೇ ಪಾಠ ನಿಜಾನಾ?"

"ನಿಜ ಅಂತ ನದೀಲೇ ಹೇಳಿದ್ನಲ್ಲಪ್ಪಾ!"

ಬುವಾವನ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ದಾರಿಹೋಕರಿಗೆ ಹೂವಿನ ಹಾಸಿಗೆ ಹಾಕಿದೆ. ನಿಜವಾದ ಬೀಗರನ್ನ ಅಕ್ಕಿ ಮೂಟೆ ಜೊತೆ ಮಲಗಿಸೋಕೆ ಹೊರಟೆ. ಬೀಗಿತ್ತಿ ಕೈಲಿ ಬೆಳ್ಳುಳ್ಳಿ ಸುಲಿಸಿದೆ! ಮುಗೀತು. ನನ್ನ ಮಗಳ ಮದುವೆ ಮುಗೀತು." ಆಮೇಲೆ ಇನ್ನೇನೋ ನೆನಪಾಗಿ ಲತ್ಸಮಿಯ ಕಡೆ ತಿರುಗಿದಳು. ಮುಖ ಕೆಂಪಾಯಿತು. "ಅಂದ್ರೆ, ಬೆಳಗ್ಗೆಯಿಂದ ನಾವು ಹೇಳಿದ್ದೆಲ್ಲಾ..."

"ಕೇಳಿಸ್ಕೊಂಡೆ ತಂಗೀ. ಅಗಲ ಇದೀನಿ, ಅದರಲ್ಲಿ ಸುಳ್ಳೇನಿದೆ? ಇವರ ಮುಖಕ್ಕೆ ಪಪ್ಪಾಯಿ ಅಂದ್ರಲ್ಲ, ಅದಂತೂ ಮೂವತ್ತು ವರ್ಷದಿಂದ ನನ್ನ ಬಾಯಿಗೆ ಸಿಗದೇ ಇದ್ದ ಮಾತು. ತಪ್ಪು ನಮ್ಮದು. ಚೀಲ ತಗೊಂಡು ಈಗಲೇ ಹೊರಡ್ತೀವಿ."

ಅಷ್ಟರಲ್ಲಿ ಹೋಜುನನ ತಾಯಿ ಎದ್ದು ನಿಂತಳು. ಮಗನ ಜೊತೆ ಬಹಳ ಹೊತ್ತು ಮಾತಾಡಿದಳು. ಬೆರಳಿನಿಂದ ಅಕ್ಕಿ ಕೋಣೆ ತೋರಿಸಿದಳು, ಬಟ್ಟಲು ತೋರಿಸಿದಳು, ಲತ್ಸಮಿಯನ್ನು ತೋರಿಸಿದಳು. ಬುವಾವನ್ ಆ ಬೆರಳನ್ನೇ ನೋಡುತ್ತಾ ಮಗಳ ಕೈ ಹಿಡಿದುಕೊಂಡಳು.

"ಅಮ್ಮ ಹೇಳ್ತಾರೆ," ಎಂದ ಹೋಜುನ್ ತನ್ನ ತಡವರಿಸುವ ಲಾವೊದಲ್ಲಿ, "ನಾವು ಒಂದು ವಿಮಾನ ಮುಂಚೆ ಬಂದಿದ್ದು ಬೇಕು ಅಂತಾನೇ. ನಮ್ಮನ್ನ ಬೀಗರು ಅಂತ ಗೊತ್ತಾದ್ರೆ ಯಾರಾದ್ರೂ ಚೆನ್ನಾಗ್ ನೋಡ್ಕೋತಾರೆ. ಏನೂ ಅಲ್ಲದೇ ಇರೋರನ್ನ ಈ ಮನೇಲಿ ಹೇಗೆ ನೋಡ್ಕೋತಾರೆ ಅಂತ ನೋಡಬೇಕಿತ್ತು ಅಂತೆ. ಇಲ್ಲಿ ಕೂತ ತಕ್ಷಣ ಅನ್ನ ಹಾಕಿದ್ರಂತೆ. ಮನೆಯ ಹಿರಿಯಳು ಬಂದು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿದಳಂತೆ."

"ಅವರು ಹಿರಿಯರೂ ಅಲ್ಲ, ಮನೆಯವರೂ ಅಲ್ಲ!" ಎಂದು ಸಿಥೋನ್ ಬಾಯಿ ಹಾಕಿದ.

ಹೋಜುನ್ ಅದನ್ನು ತಾಯಿಗೆ ಹೇಳಿದ. ತಾಯಿ ಮುಖ ಗಂಟಿಕ್ಕಿ ಏನೋ ಕೇಳಿದಳು. ಹೋಜುನ್ ತಡವರಿಸಿದ. ಬುವಾವನ್ ಅವನ ತೋಳು ಹಿಡಿದು ಅಲುಗಿಸಿದಳು.

"ಏನಂತಾರೆ? ಹೇಳಪ್ಪಾ!"

"ಅಮ್ಮ ಕೇಳ್ತಿದಾರೆ... ಮನೆಯವರಲ್ಲದಿದ್ರೆ, ಇವರಿಬ್ರೂ ಯಾಕೆ ಕೋಳಿ ಅಂಗಡಿ ಅಂಗಿ ಹಾಕ್ಕೊಂಡಿದಾರೆ ಅಂತ."

"ಪ್ರೀತಿ ಅಂತ ಅಲ್ವಾ ಬರೆದಿರೋದು?" ಎಂದ ಇನ್‌ಪೇಂಗ್.

"'ಕರಿದ ಕೋಳಿ, ಮನೆ ಬಾಗಿಲಿಗೇ ತಂದು ಕೊಡುತ್ತೇವೆ' ಅಂತ ಬರೆದಿದೆ ಅಂಕಲ್."

ಮೊದಲು ನಕ್ಕವಳು ಲತ್ಸಮಿ. ಅವಳು ನಕ್ಕರೆ ಇಡೀ ಚಾಪೆ ಅಲುಗುತ್ತದೆ. ಹೋಜುನನ ತಾಯಿ ಅದನ್ನು ನೋಡಿ ನಕ್ಕಳು. ಆಮೇಲೆ ಯಾರು ಯಾಕೆ ನಗುತ್ತಿದ್ದಾರೆಂದು ಯಾರಿಗೂ ಬೇಕಾಗಲಿಲ್ಲ. ಬುವಾವನ್ ಮಾತ್ರ ಅಳುತ್ತಾ ನಗುತ್ತಿದ್ದಳು.

ಸಿಥೋನ್ ನಗಲಿಲ್ಲ. ಅವನು ಊರ ಮುಖ್ಯಸ್ಥ. ಮೋಸಕ್ಕೆ ದಂಡನೆ ಆಗಲೇಬೇಕು. ಗುರುತಿನ ಚೀಟಿಯನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ತೀರ್ಪು ಹೇಳಿದ. "ನಾಳೆ ಗಂಡಿನ ದಿಬ್ಬಣ ಬಂದಾಗ ಬಾಗಿಲಲ್ಲಿ ಸರಪಳಿ ಅಡ್ಡ ಹಿಡಿದು ಪ್ರಶ್ನೆ ಕೇಳೋದು ನಮ್ಮ ಪದ್ಧತಿ. ಕೇಳೋಕೆ ಹೆಣ್ಣಿನ ಕಡೆ ಒಬ್ಬ ಹಿರಿಯ, ಹೇಳೋಕೆ ಗಂಡಿನ ಕಡೆ ಒಬ್ಬ ಹಿರಿಯ ಇರಬೇಕು. ಹೋಜುನನ ಕಡೆ ಲಾವೊ ಬಲ್ಲವರು ಯಾರೂ ಇಲ್ಲ, ಎರಡೂ ನಾನೇ ಮಾಡ್ಬೇಕು ಅಂತ ಇತ್ತು. ನನ್ನನ್ನೇ ನಾನು ಕೇಳಿ ನಾನೇ ಹೇಳ್ಕೊಂಡ್ರೆ ಊರು ನಗಲ್ವಾ? ನೀವು ಹೇಳ್ತೀರಿ. ಅಲ್ಲೀವರೆಗೂ ಚೀಟಿ ನನ್ನ ಹತ್ರ ಇರುತ್ತೆ."

* * *

ಮರುದಿನ ಬೆಳಿಗ್ಗೆ ಸೇತುವೆ ಕಡೆಯ ಕಾಫಿ ಅಂಗಡಿಯಿಂದ ದಿಬ್ಬಣ ಹೊರಟಿತು. ಡೋಲು, ಖೇನ್ ಎಂಬ ಬಿದಿರಿನ ವಾದ್ಯ, ಬಣ್ಣದ ಕೊಡೆ. ಹಿಂದಿನ ರಾತ್ರಿಯ ಕುಡಿತದ ಮಂಪರಿನಲ್ಲಿದ್ದ ನಾಲ್ಕಾರು ಹೊರದೇಶದ ಹುಡುಗರೂ ಕುಣಿಯುತ್ತಾ ಸೇರಿಕೊಂಡರು. ಲತ್ಸಮಿ ಬುವಾವನ್ ಕೊಟ್ಟ ಸಿನ್ ಎಂಬ ರೇಷ್ಮೆಯ ಉದ್ದ ಲಂಗ ಉಟ್ಟು, ಹೋಜುನನ ತಾಯಿಗೂ ಒಂದು ಉಡಿಸಿ, ಅವಳ ಸೊಂಟದ ಪಟ್ಟಿಯನ್ನು ದಾರಿಯುದ್ದಕ್ಕೂ ಮೇಲೆ ಎಳೆಯುತ್ತಾ ನಡೆದಳು. ಎಲ್ಲರ ಮುಂದೆ ಇನ್‌ಪೇಂಗ್. ಹೆಗಲಿನ ಮೇಲೆ ಬಿಳಿ ಶಲ್ಯ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಮದುವೆಯಾಗಿದೆ. ಎರಡು ಸಲವೂ ಅವನು ಬಾಗಿಲ ಒಳಗೆ ನಿಂತು, ಗಂಡಿನ ಕಡೆಯವರು ಗತ್ತಿನಿಂದ ಬರುವುದನ್ನು ನೋಡಿದ್ದ. ಕೊಡೆಯ ಕೆಳಗೆ ನಡೆದದ್ದು ಇದೇ ಮೊದಲು. ಹೋಜುನನ ತಂದೆ ಪಕ್ಕದಲ್ಲಿ ನಡೆಯುತ್ತಿದ್ದವನು ಅವನ ಮುಖ ನೋಡಿ ಏನೆಂದುಕೊಂಡನೋ, ತನ್ನ ಕರವಸ್ತ್ರ ತೆಗೆದು ಕೊಟ್ಟ.

ಬಾಗಿಲಲ್ಲಿ ಇಬ್ಬರು ಹೆಂಗಸರು ಸರಪಳಿಯಾಗಿ ಬೆಳ್ಳಿಯ ಸೊಂಟಪಟ್ಟಿಯನ್ನು ಅಡ್ಡ ಹಿಡಿದಿದ್ದರು. ಅದರ ಆಚೆ ಸಿಥೋನ್ ಎದೆಯುಬ್ಬಿಸಿ ನಿಂತಿದ್ದ.

"ಯಾರು ನೀವು? ಎಲ್ಲಿಂದ ಬಂದ್ರಿ?"

ಇನ್‌ಪೇಂಗ್ ಗಂಟಲು ಸರಿಮಾಡಿಕೊಂಡ. ಡೋಲಿನವನು ಕೋಲು ಇಳಿಸಿದ.

"ಕೊರಿಯಾದಿಂದ!" ಎಂದು ಕೂಗಿದ. ಬೆಟ್ಟಕ್ಕೆ ಕೇಳಿಸುವಂತೆ ಕೂಗಿದ. "ಸಮುದ್ರ ದಾಟಿ, ಮೋಡ ದಾಟಿ, ಕೊರಿಯಾದಿಂದ ಬಂದಿದೀವಿ! ನಿಮ್ಮ ಮನೇಲಿ ಒಬ್ಳು ಹುಡುಗಿ ಇದಾಳಂತೆ. ನಮ್ಮ ಹತ್ರ ಒಬ್ಬ ಹುಡುಗ ಇದಾನೆ. ಕಷ್ಟಪಟ್ಟು ದುಡಿಯೋನು, ಅತ್ತೆಗೆ ಎದುರು ಮಾತಾಡದೋನು, ಅಷ್ಟು ಚೆನ್ನಾಗಿ ಲಾವೊ ಬರದೇ ಇರೋದ್ರಿಂದ ಜಗಳ ಆಡೋಕೂ ಬರದೋನು!"

ಅಂಗಳ ನಕ್ಕಿತು. ಬುವಾವನ್ ಬಾಗಿಲ ಒಳಗಿಂದ, "ಸರಪಳಿ ಬಿಡಣ್ಣಾ!" ಎಂದಳು. ಹೆಂಗಸರು ಬೆಳ್ಳಿಪಟ್ಟಿಯನ್ನು ಸಡಿಲಿಸಿದರು. ಹೋಜುನ್ ಒಂದು ಹೆಜ್ಜೆ ಮುಂದಿಟ್ಟ.

ಇನ್‌ಪೇಂಗ್ ಕೈಚಾಚಿ ಅವನನ್ನು ತಡೆದ. ಸಿಥೋನನ ಕೈಯಲ್ಲಿದ್ದ ಸಾರಾಯಿ ಲೋಟವನ್ನು ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದು, ಶಲ್ಯವನ್ನು ಸರಿಮಾಡಿಕೊಂಡು, ಮತ್ತೆ ಕಾಲು ಜೋಡಿಸಿ ನಿಂತ.

"ಇಷ್ಟು ಬೇಗ ಬಿಟ್ರೆ ಹೇಗಪ್ಪಾ?" ಎಂದ. "ಹಿಡ್ಕೊಳ್ರಮ್ಮಾ ಸರಪಳಿ, ಗಟ್ಟಿಯಾಗಿ ಹಿಡ್ಕೊಳ್ಳಿ. ಮುಖ್ಯಸ್ಥರೇ, ಇನ್ನೊಂದ್ಸಲ ಕೇಳಿ, ಎಲ್ಲಿಂದ ಬಂದ್ರಿ ಅಂತ!"